ಆಟದ ರೈಲು: ಡಬ್ಬಿಯ ಬೆಲೆ ಒಂದು, ಹವ್ಯಾಸದ ಬೆಲೆ ಇನ್ನೊಂದು

ನಮ್ಮ ಬಸವಕಲ್ಯಾಣದಾಗ ರೈಲ್ವೆ ಸ್ಟೇಷನ್ ಇಲ್ಲ. ರೈಲು ನೋಡಬೇಕಂದ್ರೆ ಹುಮನಾಬಾದಿಗೆ ಹೋಗಬೇಕು, ಬೀದರ್–ಕಲಬುರಗಿ ಮಾರ್ಗಕ್ಕೆ. ಅಲ್ಲಿ ರೈಲು ನೋಡಿದ ಅಕ್ಕನ ಮಗ, "ಮಾಮಾ, ನನಗೂ ಬೇಕು" ಅಂದ. ವೀರಭದ್ರೇಶ್ವರ ಜಾತ್ರೆಯಲ್ಲಿ 600 ರೂಪಾಯಿ ಕೊಟ್ಟು, ಸೆಲ್ ಹಾಕಿ ಓಡಿಸೋ ಸೆಟ್ ಕೊಡಿಸಿದೆ. ನಾಲ್ಕನೇ ದಿನ ಹಳಿಯ ಒಂದು ತುಂಡು ಮುರೀತು. ಆ ತುಂಡು ಎಲ್ಲೂ ಸಿಗಲಿಲ್ಲ. ಎಂಜಿನ್ ಗಟ್ಟಿ ಇದೆ, ಓಡೋಕೆ ಹಳಿ ಇಲ್ಲ. ಬಿ.ಕಾಂ ಓದಿದ ನಾನು ಬೆಲೆಗೆ ಚೌಕಾಶಿ ಮಾಡಿದ್ದೆ, ಬಿಡಿಭಾಗದ ಬಗ್ಗೆ ಕೇಳಿರಲೇ ಇಲ್ಲ.

ಇಲ್ಲಿ ಇರೋದು ಎರಡು ಮಾರುಕಟ್ಟೆ. ಒಂದರಲ್ಲಿ ಗಿರಾಕಿ ಒಮ್ಮೆ ಮಾತ್ರ ಬರ್ತಾನೆ. ಲಾಭವೆಲ್ಲ ಆ ಒಂದು ಡಬ್ಬಿಯಲ್ಲೇ ಬರಬೇಕು. ಹಳಿಯ ತುಂಡು ಇಟ್ಟು ಮಾರೋದರಿಂದ ಅವರಿಗೆ ಲಾಭ ಇಲ್ಲ.

ಇನ್ನೊಂದು ಹವ್ಯಾಸಿಗಳ ಮಾರುಕಟ್ಟೆ. ಇದರ ದಾರಿ ತೋರಿಸಿದ್ದು ಜರ್ಮನಿಯ ಮಾರ್ಕ್ಲಿನ್. ಅವರು ಮೊದಲು ಗೊಂಬೆಮನೆಯ ಅಡುಗೆ ಸಾಮಾನು ಮಾಡ್ತಿದ್ದರು. ಒಂದು ಕೊಂಡವರು ಮುಂದಿನ ವರ್ಷ ಇನ್ನೊಂದು ಕೊಳ್ಳಲು ಬರ್ತಿದ್ದರು. ಅದೇ ಲೆಕ್ಕ ರೈಲಿಗೂ ಹಾಕಿ, 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ನಿಗದಿತ ಅಳತೆಯ, ಜೋಡಿಸುತ್ತಾ ಬೆಳೆಸಬಹುದಾದ ಹಳಿ ತಂದರು.

ಇಂದಿನ ಸ್ಟಾರ್ಟರ್ ಸೆಟ್ ಹಿಂದೆ ಇರೋದೂ ಅದೇ ಲೆಕ್ಕ. ಎಂಜಿನ್, ಡಬ್ಬಿಗಳು, ಸುತ್ತು ಹಳಿ, ಕಂಟ್ರೋಲರ್, ಎಲ್ಲ ಒಟ್ಟಿಗೆ ಕೊಂಡರೆ ಬಿಡಿಯಾಗಿ ಕೊಳ್ಳೋದಕ್ಕಿಂತ ಅಗ್ಗ. ನಿಜವಾದ ವ್ಯಾಪಾರ ಆಮೇಲೆ: ಇನ್ನಷ್ಟು ಹಳಿ, ಪಾಯಿಂಟ್, ಸ್ಟೇಷನ್, ಎರಡನೇ ಎಂಜಿನ್. ಅಗ್ಗದ ಪ್ರಿಂಟರ್, ದುಬಾರಿ ಇಂಕ್ ಇದ್ದಂಗೆ ನೋಡ್ರಿ.

ಹಾಗಾಗಿ ಅಳತೆ ಮುಖ್ಯ. ಎಚ್‌ಒ ಅಂದ್ರೆ ಅಸಲಿ ರೈಲಿನ 87ನೇ ಒಂದು ಪಾಲು. ಹಳಿಗಳ ನಡುವೆ 16.5 ಮಿ.ಮೀ. ಎನ್ ಅಂದ್ರೆ 9 ಮಿ.ಮೀ. ಬ್ರಿಟನ್ನಿನ ಹಾರ್ನ್‌ಬಿಯ ಒಒ ಗಾಡಿ ತುಸು ದೊಡ್ಡದಾದರೂ ಹಳಿ 16.5 ಮಿ.ಮೀ. ಆದರೆ ಮಾರ್ಕ್ಲಿನ್ ಎಚ್‌ಒ ವಿದ್ಯುತ್ ವ್ಯವಸ್ಥೆಯೇ ಬೇರೆ. ಅಳತೆ ಒಂದೇ ಇದ್ದರೂ ಆ ಎಂಜಿನ್ ಬೇರೆಯವರ ಸಾಮಾನ್ಯ ಹಳಿ ಮೇಲೆ ಓಡಲ್ಲ.

ನಮ್ಮಲ್ಲಿ ಇನ್ನೊಂದು ಭಾರ ಇದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 10,000 ರೂಪಾಯಿಯ ವಿದೇಶಿ ಸೆಟ್ ಸುಂಕ ಸೇರಿದರೆ 17,000. ಜಿಎಸ್‌ಟಿ, ಅಂಗಡಿ ಲಾಭ ಅದರ ಮೇಲೆ. ದೇಶದ ಆಟಿಕೆ ತಯಾರಕರಿಗೆ ಇದರಿಂದ ರಕ್ಷಣೆ ಸಿಗುತ್ತೆ, ಸರಿ. ಆದ್ರೆ ಹೊಸ ಹವ್ಯಾಸಿಯ ಜೇಬಿಗೆ ಅದು ಹೊರೆ.

ಕೊಳ್ಳೋ ಮುಂಚೆ ಮೂರು ಮಾತು ಕೇಳ್ರಿ. ಹಳಿ ಬಿಡಿಯಾಗಿ ಸಿಗುತ್ತಾ? ಬೇರೆ ಕಂಪನಿ ಗಾಡಿ ಇದರ ಮೇಲೆ ಓಡುತ್ತಾ? ಮಕ್ಕಳ ಆಟಿಕೆಯಾದರೆ, 2021ರಿಂದ ಕಡ್ಡಾಯವಾದ ಐಎಸ್‌ಐ ಗುರುತು ಇದೆಯಾ? ತೀರಾ ಸಣ್ಣ ಮಗು ಇದ್ರೆ ಚನ್ನಪಟ್ಟಣದ ಮರದ ರೈಲೇ ಸಾಕು. ಅದಕ್ಕೆ ಸೆಲ್ ಬೇಡ, ಹಳಿಯೂ ಬೇಡ.

ನಮ್ಮ ಹುಡುಗ ಈಗ ನೆಲದ ಮೇಲೆ ಸೀಮೆಸುಣ್ಣದಿಂದ ಹಳಿ ಬರೆದು, ಆ ಎಂಜಿನ್ ಕೈಯಿಂದ ತಳ್ಳುತ್ತಾನೆ. ಮುಂದಿನ ಸಲ ಮಾಮ ಮೊದಲು ಹಳಿ ವಿಚಾರಿಸ್ತಾನೆ, ಆಮೇಲೆ ರೈಲು. ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ.