ತುಕ್ಕು ಹಿಡಿದ ಗಾಲಿ ನಟ್ಟನ್ನು ಬಿಚ್ಚುವ ಕ್ರಮ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಇದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಭತ್ತ, ಅಡಿಕೆಗಳಿಗೆ ಮಳೆಯೇ ಜೀವಾಳ. ಆದರೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಟಿಲ್ಲರ್, ಟ್ರೇಲರ್‌ಗಳಿಗೆ ಅದೇ ಮಳೆ ಶತ್ರು. ಆರಿದ್ರಾ ಮಳೆ ಹಿಡಿದು ಗದ್ದೆಯಲ್ಲಿ ನೀರು ನಿಂತಾಗ, ಟಯರ್ ಗಾಲಿ ಬಿಚ್ಚಿ ಕೇಜ್ ವೀಲ್ ಹಾಕಲು ಹೋದರೆ ನಟ್ಟು ಅಲುಗುವುದೇ ಇಲ್ಲ. ಇತ್ತ ಮಡಿಯಲ್ಲಿ ಅಗೆ ಬಲಿಯುತ್ತದೆ, ನೆಟ್ಟಿಗೆ ಬಂದ ಆಳುಗಳು ಕಾದು ಕೂರುತ್ತಾರೆ. ಅಡಿಕೆ ಹೇರಿದ ಪಿಕಪ್ ವಾಹನ ಘಾಟಿಯ ತಿರುವಿನಲ್ಲಿ ಪಂಕ್ಚರ್ ಆದರಂತೂ ತೊಂದರೆ ಇನ್ನೂ ದೊಡ್ಡದು. ಆದ್ದರಿಂದ ಬಿಗಿದ ನಟ್ಟನ್ನು ಬಿಚ್ಚುವ ಸರಿಯಾದ ಕ್ರಮವನ್ನು ರೈತರು ತಿಳಿದಿರುವುದು ಒಳ್ಳೆಯದು.

ನಟ್ಟು ಬಿಗಿಯುವುದೇಕೆ?

ಕಬ್ಬಿಣವು ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ಹೀಗಾದ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ನಟ್ಟು, ಬೋಲ್ಟುಗಳ ಥ್ರೆಡ್ಡಿನ ನಡುವೆ ಇರುವ ಸಂದು ಕೂದಲೆಳೆಯಷ್ಟು ಮಾತ್ರ. ಅಲ್ಲಿ ತುಕ್ಕು ಉಬ್ಬಿ, ಬೆಣೆ ಹೊಡೆದಂತೆ ಎರಡನ್ನೂ ಹಿಡಿದು ಬಿಡುತ್ತದೆ.

ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ತುಕ್ಕು ವೇಗವಾಗಿ ಬೆಳೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿ ಇದಕ್ಕಿಂತ ಎಷ್ಟೋ ಹೆಚ್ಚು ತೇವವಾಗಿರುತ್ತದೆ. ಜೊತೆಗೆ, ಟ್ರೇಲರಿನಲ್ಲಿ ಸಾಗಿಸುವ ಪೊಟ್ಯಾಷ್ ಮುಂತಾದ ಗೊಬ್ಬರದ ಪುಡಿ ಗಾಳಿಯ ತೇವವನ್ನು ಹೀರಿ ಉಪ್ಪುನೀರಾಗಿ ಸಂದಿಗೆ ಇಳಿಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವಾಗ ಹೊಳೆಯುವ ಕತ್ತಿಯನ್ನು ಅದ್ದಿ ನೋಡುವ ಪರೀಕ್ಷೆ ಅಡಿಕೆ ಬೆಳೆಗಾರರಿಗೆ ಗೊತ್ತೇ ಇದೆ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟುಕೊಡುತ್ತದೆ. ಚೆಲ್ಲಿದ ಮೈಲುತುತ್ತದ ನೀರು ಗಾಲಿಯ ನಟ್ಟಿಗೂ ಇದನ್ನೇ ಮಾಡುತ್ತದೆ.

ಬಿಚ್ಚುವ ಕ್ರಮ

1. ವಾಹನವನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಬ್ರೇಕ್ ಹಾಕಿ, ಉಳಿದ ಗಾಲಿಗಳಿಗೆ ಅಡ್ಡಗಲ್ಲು ಕೊಡಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಬೇಕು. ಜಾಕ್ ಕೊಟ್ಟ ಮೇಲೆ ಜೋರಾಗಿ ಜಗ್ಗಿದರೆ ವಾಹನ ಜಾಕಿನಿಂದ ಜಾರಿ ಮೈಮೇಲೆ ಬೀಳಬಹುದು.

2. ತಂತಿ ಬ್ರಷ್ಷಿನಿಂದ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ಕೆಲವು ಹಳೆಯ ಲಾರಿ, ಟ್ರೇಲರ್‌ಗಳ ಎಡಗಡೆ ಗಾಲಿಗಳಿಗೆ ಎಡಮುರಿ ಥ್ರೆಡ್ಡು ಇರುತ್ತದೆ. ಅಂಥ ನಟ್ಟನ್ನು ಬಲಕ್ಕೆ ತಿರುಗಿಸಿ ಬಿಚ್ಚಬೇಕು. ಇದನ್ನು ಮೊದಲೇ ನೋಡಿಕೊಳ್ಳದಿದ್ದರೆ ಬಿಚ್ಚುವ ಬದಲು ಬಿಗಿಯುತ್ತಲೇ ಹೋಗುತ್ತೇವೆ.

3. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ನಟ್ಟಿನ ಬುಡಕ್ಕೂ ಬೋಲ್ಟಿನ ತುದಿಗೂ ಬಿಡಿ. ಅದು ಸಿಗದಿದ್ದರೆ ಡೀಸೆಲ್ ಆದೀತು. ಗ್ರೀಸು, ದಪ್ಪ ಎಣ್ಣೆ ಕಿರಿದಾದ ಸಂದಿಗೆ ಇಳಿಯುವುದಿಲ್ಲ. ಪೆಟ್ರೋಲನ್ನು ಎಂದೂ ಬಳಸಬೇಡಿ. ಎಣ್ಣೆ ಬ್ರೇಕಿನ ಭಾಗಕ್ಕೆ ತಾಗಬಾರದು. ಒಂದು ರಾತ್ರಿ ನೆನೆಯಲು ಬಿಟ್ಟು, ನಡುವೆ ಎರಡು ಮೂರು ಬಾರಿ ಮತ್ತೆ ಎಣ್ಣೆ ಬಿಡಿ. ಇಲ್ಲಿ ತಾಳ್ಮೆಯೇ ಅರ್ಧ ಕೆಲಸ.

4. ಬಳಿಕ ನಟ್ಟಿನ ಆರು ಮುಖಗಳ ಮೇಲೂ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ಪೆಟ್ಟಿಗೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಬೋಲ್ಟಿನ ತುದಿಗೆ ಹೊಡೆದರೆ ಥ್ರೆಡ್ಡು ಹಾಳಾಗುತ್ತದೆ.

5. ಅಳತೆಗೆ ಸರಿಯಾದ ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರನ್ನೇ ಪೂರ್ತಿ ಕೂರಿಸಿ. ಸಡಿಲ ಸ್ಪ್ಯಾನರ್ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಮೊದಲು ಸ್ವಲ್ಪ ಬಿಗಿಯುವ ಕಡೆಗೆ ಒತ್ತಿ, ಆಮೇಲೆ ಬಿಚ್ಚುವ ಕಡೆಗೆ ಒತ್ತಿ. ನಟ್ಟು ಅಲುಗಿದ ಮೇಲೂ ಒಮ್ಮೆಲೇ ತಿರುಗಿಸದೆ, ಕಾಲು ಸುತ್ತು ಮುಂದೆ, ಅರೆಪಾಲು ಹಿಂದೆ ಆಡಿಸುತ್ತ ಎಣ್ಣೆ ಬಿಡುತ್ತ ಹೊರತೆಗೆಯಿರಿ.

6. ಆದರೂ ಬಾರದಿದ್ದರೆ ಹಿಡಿಗೆ ಕಬ್ಬಿಣದ ಕೊಳವೆ ಸೇರಿಸಬಹುದು. 30 ಸೆಂ.ಮೀ. ಹಿಡಿಯ ಮೇಲೆ 40 ಕಿಲೋ ಭಾರ ಹಾಕಿದರೆ 12 ಕಿಲೋ-ಮೀಟರ್ ತಿರುಚುಬಲ ದೊರೆಯುತ್ತದೆ. ಹಿಡಿ 90 ಸೆಂ.ಮೀ. ಆದರೆ ಅಷ್ಟೇ ಭಾರಕ್ಕೆ 36 ದೊರೆಯುತ್ತದೆ. ಈ ಬಲ ಬೋಲ್ಟನ್ನೇ ಮುರಿಯಬಲ್ಲದು; ಆದುದರಿಂದ ನಿಧಾನವಾಗಿ ಒತ್ತಬೇಕು. ಸ್ಪ್ಯಾನರಿನ ಮೇಲೆ ಹತ್ತಿ ಕುಣಿಯಬಾರದು.

ಬೆಂಕಿ ಬೇಡ

ಕಾಯಿಸಿದರೆ ನಟ್ಟು ಹಿಗ್ಗುವುದು ನಿಜ. 20 ಮಿ.ಮೀ. ನಟ್ಟಿನ ಶಾಖ 200 ಡಿಗ್ರಿ ಏರಿದರೆ ಅದರ ರಂಧ್ರ ಸುಮಾರು 0.05 ಮಿ.ಮೀ. ಅಗಲವಾಗುತ್ತದೆ. ತುಕ್ಕಿನ ಹಿಡಿತ ಬಿಡಲು ಇಷ್ಟು ಸಾಕು. ಆದರೆ ಟಯರ್ ಇರುವ ಗಾಲಿಯನ್ನು ಕಾಯಿಸಿದರೆ ಒಳಗಿನ ರಬ್ಬರು ಬೆಂದು ಅನಿಲವಾಗಿ ಟಯರ್ ಸಿಡಿಯಬಹುದು; ಬೆಂಕಿ ಆರಿಸಿದ ಮೇಲೂ ಈ ಅಪಾಯ ಉಂಟು. ಮೇಲಾಗಿ ನಾವೇ ಸುರಿದ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಈ ಉಪಾಯ ಮಾಡಲೇಬಾರದು. ಕೊನೆಯ ದಾರಿ ಎಂದರೆ ಚಾಣದಿಂದ ನಟ್ಟನ್ನು ಸೀಳಿಸುವುದು. ಇದನ್ನು ಗ್ಯಾರೇಜಿನವರಿಂದ ಮಾಡಿಸಿ, ನಟ್ಟು ಬೋಲ್ಟು ಎರಡನ್ನೂ ಹೊಸದಾಗಿ ಹಾಕಿಸಬೇಕು.

ಮರಳಿ ಜೋಡಿಸುವಾಗ

ಥ್ರೆಡ್ಡು ಸವೆದ, ಬಾಗಿದ ಬೋಲ್ಟನ್ನು ಮತ್ತೆ ಬಳಸಬೇಡಿ. ಗಾಲಿಗೆ ಕೂರುವ ನಟ್ಟಿನ ಮುಖಕ್ಕೆ ಗ್ರೀಸು ಸವರಬಾರದು. ಜಾರಿಕೆ ಹೆಚ್ಚಿದಾಗ ಅದೇ ಶಕ್ತಿಗೆ ಬೋಲ್ಟು ಮಿತಿಮೀರಿ ಎಳೆಯಲ್ಪಡುತ್ತದೆ. ಥ್ರೆಡ್ಡಿಗೆ ಎಣ್ಣೆ ಹಾಕಬಹುದೇ ಎಂಬುದನ್ನು ಯಂತ್ರದ ಕೈಪಿಡಿ ನೋಡಿ ತಿಳಿಯಿರಿ. ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಒಂದು ಗಂಟೆ ಕೆಲಸವಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಪಂಕ್ಚರ್ ಅಂಗಡಿಯಲ್ಲಿ ಗಾಳಿಯಂತ್ರದಿಂದ ಅತಿಯಾಗಿ ಬಿಗಿಸಿದ ನಟ್ಟು ದಾರಿಯಲ್ಲಿ ಕೈಗೆ ಬರುವುದಿಲ್ಲವೆಂಬುದು ನೆನಪಿರಲಿ.

ಗೊಬ್ಬರ ಸಾಗಿಸಿದ, ಔಷಧಿ ಹೊಡೆದ ದಿನವೇ ಗಾಲಿಗಳನ್ನು ತೊಳೆದು ಒಣಗಿಸಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಪ್ರತಿಯೊಂದು ನಟ್ಟನ್ನೂ ಒಮ್ಮೆ ಬಿಚ್ಚಿ, ಶುಚಿಮಾಡಿ, ಮತ್ತೆ ಬಿಗಿಯಿರಿ. ಅರ್ಧ ದಿನದ ಈ ಕೆಲಸದಿಂದ ನೆಟ್ಟಿಯ ಕಾಲದ ಅಮೂಲ್ಯ ದಿನಗಳು ಉಳಿಯುತ್ತವೆ.