ತೆರೆಯ ಮೇಲಿನ ಚಿತ್ರಕಥೆ: ಯಾವುದನ್ನು ಓದಬೇಕು?

ಕೆರೆಕಟ್ಟೆ ದಾಟಿ ಘಟ್ಟ ಇಳಿದರೆ ಕಾರ್ಕಳ. ‘ಅಮರ ಚಿತ್ರಕಥೆ’ಯ ಅನಂತ ಪೈ 1929ರಲ್ಲಿ ಹುಟ್ಟಿದ್ದು ಅಲ್ಲಿ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಕನ್ನಡದವು ಎಂಬುದು ನಮ್ಮಲ್ಲೇ ಬಹಳ ಮಂದಿಗೆ ತಿಳಿಯದು. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಇಂಡಿಯಾ ಬುಕ್ ಹೌಸ್ ಮೂಲಕ ಸಿಂಡರೆಲಾ ಮೊದಲಾದ ಪಶ್ಚಿಮದ ಕಥೆಗಳನ್ನು ಕನ್ನಡಕ್ಕೆ ತಂದರು. ‘ಕೃಷ್ಣ’ ಬಂದದ್ದು ಆಮೇಲೆ, 11ನೆಯ ಸಂಖ್ಯೆಯಾಗಿ. ಹೊರಗಿನ ಚಿತ್ರಕಥೆ ನಮ್ಮದಾಗದು ಎನ್ನುವವರು ಈ ಹತ್ತು ಪುಸ್ತಕಗಳನ್ನು ನೆನೆಯಬೇಕು. ಅಂತರ್ಜಾಲದಲ್ಲಿ ಪ್ರಕಟವಾಗುವ ಚಿತ್ರಕಥೆಗಳನ್ನು, ಅಂದರೆ ವೆಬ್‌ಕಾಮಿಕ್‌ಗಳನ್ನು, ಆರಿಸಿಕೊಳ್ಳುವಾಗಲೂ ಎರಡು ಪ್ರಶ್ನೆ ಸಾಕು: ಕಾಗದದಲ್ಲಿ ಆಗದ್ದನ್ನು ಅದು ತೆರೆಯ ಮೇಲೆ ಮಾಡುತ್ತಿದೆಯೇ? ಅದನ್ನು ಕನ್ನಡಕ್ಕೆ ತರಲು ದಾರಿ ತೆರೆದಿದೆಯೇ?

ಮೊದಲ ಪ್ರಶ್ನೆಗೆ ರ‍್ಯಾಂಡಲ್ ಮನ್ರೋ 2005ರಿಂದ ಬರೆಯುತ್ತಿರುವ ‘ಎಕ್ಸ್‌ಕೆಸಿಡಿ’ಯ 1732ನೆಯ ಕಂತು ಒಳ್ಳೆಯ ಉತ್ತರ. 2016ರಲ್ಲಿ ಬಂದ ಇದು ಭೂಮಿಯ ತಾಪಮಾನದ ಕಥೆ. ಕ್ರಿ.ಪೂ. 20,000ದಲ್ಲಿ ಶುರುವಾಗುವ ಚುಕ್ಕಿಗೆರೆಯನ್ನು ಬೆರಳಿನಿಂದ ಸರಿಸುತ್ತ ಕೆಳಗಿಳಿಯಬೇಕು. ಹಿಮ ಕರಗುತ್ತದೆ, ಬೇಸಾಯ ಬರುತ್ತದೆ, ಸಾಮ್ರಾಜ್ಯಗಳು ಏಳುತ್ತವೆ. ಗೆರೆ ಮಾತ್ರ ಬಹಳ ನಿಧಾನವಾಗಿ ಸರಿಯುತ್ತದೆ. ಸರಿಸಿ ಸರಿಸಿ ಬೆರಳು ಸೋಲುವ ಹೊತ್ತಿಗೆ, ಕೊನೆಯ ನೂರು ಚಿಲ್ಲರೆ ವರ್ಷಗಳಲ್ಲಿ, ಅದು ಬಲಕ್ಕೆ, ಅಂದರೆ ಬಿಸಿಯ ಕಡೆಗೆ, ಹೊರಳಿ ಓಡುತ್ತದೆ. ಪುಟದಲ್ಲಿ ಅಚ್ಚಾದ ನಕ್ಷೆಯಲ್ಲಿ ಈ ತಿರುವು ಒಂದೇ ನೋಟಕ್ಕೆ ಕಂಡು ಮುಗಿಯುತ್ತಿತ್ತು. ಇಲ್ಲಿ ಕಾಲದ ಉದ್ದವನ್ನು ಕೈಯೇ ಅಳೆದಿರುತ್ತದೆ. ನಮ್ಮ ಕಾಡಿನ ಓದುಗರು ರೋಹನ್ ಚಕ್ರವರ್ತಿಯವರ ‘ಗ್ರೀನ್ ಹ್ಯೂಮರ್’ ಅನ್ನೂ ನೋಡಬೇಕು. ಭಾರತದ ವನ್ಯಜೀವಿಗಳೇ ಅದರ ಪಾತ್ರಗಳು.

ಚಿತ್ರ ಹೆಚ್ಚಾದರೆ ಓದುವ ಶಕ್ತಿ ಕುಂದುತ್ತದೆ ಎಂಬ ಆಕ್ಷೇಪ ಹಳೆಯದು. ಮಕ್ಕಳ ಓದಿನ ಬಗ್ಗೆ ಕಾಳಜಿಯಿಂದಲೇ ಹುಟ್ಟಿದ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ಆದರೆ ಚಿತ್ರಕಥೆ ಎಲ್ಲವನ್ನೂ ತೋರಿಸಿಬಿಡುವುದಿಲ್ಲ. ಒಂದು ಚೌಕದಲ್ಲಿ ಕೊನೆಗಾರ ಅಡಕೆ ಮರದ ತುದಿಯಲ್ಲಿ ಕತ್ತಿ ಎತ್ತಿದ್ದಾನೆ. ಮುಂದಿನದರಲ್ಲಿ ಕೊನೆ ಹಗ್ಗದ ಮೇಲೆ ಜಾರುತ್ತಿದೆ. ಕಡಿದದ್ದನ್ನು ಯಾರೂ ಬರೆದಿಲ್ಲ. ನಡುವಿನ ಬಿಳಿ ಜಾಗದಲ್ಲಿ ಆ ಕೆಲಸ ಮಾಡಿದ್ದು ಓದುಗರ ಮನಸ್ಸು. ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ ಈ ಕಲೆಯ ಜೀವಾಳ ಇಲ್ಲಿದೆ ಎಂದು ವಿವರಿಸಿದ್ದಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಭಾಷೆಯದು: ಒಳ್ಳೆಯವೆಲ್ಲ ಇಂಗ್ಲಿಷಿನಲ್ಲಿದ್ದರೆ ಕೊಪ್ಪ, ಶೃಂಗೇರಿಯ ಶಾಲೆಯ ಹುಡುಗಿಗೆ ಏನು ಸಿಕ್ಕಿತು? ಅದಕ್ಕೇ ಎರಡನೆಯ ಪ್ರಶ್ನೆ ಮುಖ್ಯ. ಫ್ರಾನ್ಸಿನ ಡೇವಿಡ್ ರೆವಾ 2014ರಲ್ಲಿ ಆರಂಭಿಸಿದ ‘ಪೆಪ್ಪರ್ ಆ್ಯಂಡ್ ಕ್ಯಾರಟ್’, ಒಬ್ಬ ಪುಟ್ಟ ಮಾಟಗಾತಿ ಮತ್ತು ಅವಳ ಬೆಕ್ಕಿನ ಕಥೆ, ಮುಕ್ತ ಪರವಾನಗಿಯಲ್ಲಿದೆ. ಕರ್ತೃವಿನ ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಅನುವಾದಿಸಿ ಅಚ್ಚು ಹಾಕಬಹುದು. ಚಿತ್ರ ಬೇರೆ ಕಡತ, ಮಾತು ಬೇರೆ ಕಡತ. ಚಿತ್ರ ಕೆಡಿಸದೆ ಮಾತು ಬದಲಿಸಬಹುದು. ಕನ್ನಡಕ್ಕೆ ಇದು ದೊಡ್ಡ ಅನುಕೂಲ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಒತ್ತಾಗಿ ಕೂರುತ್ತವೆ. ನಮ್ಮ ‘ಸ್ತ್ರೀ’ಯನ್ನೋ ‘ಕೃಷ್ಣ’ನನ್ನೋ ಬರೆದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳನ್ನು ಬಿಡಿಸಬೇಕು, ಕೆಲವೊಮ್ಮೆ ಮಾತನ್ನೇ ಮೊಟಕುಮಾಡಿ ಆಡುಮಾತಿಗೆ ಇಳಿಸಬೇಕು. ‘ನೀನು ಎಲ್ಲಿಗೆ ಹೋಗುತ್ತಿರುವೆ?’ ಎಂಬುದು ಮಾತಿನ ಗುಳ್ಳೆಯಲ್ಲಿ ಹಿಡಿಸದು; ‘ಎಲ್ಲಿಗೆ ಹೊರಟೆ?’ ಹಿಡಿಸುತ್ತದೆ.