ಬಸ್ಕಿ

ಬಸ್ಕಿ ಎಂಬುದು ನಿಂತ ನಿಲುವಿನಿಂದ ಮಂಡಿ ಹಾಗೂ ಸೊಂಟವನ್ನು ಮಡಿಸಿ ಕುಕ್ಕರಗಾಲಿಗೆ ಇಳಿದು, ಮತ್ತೆ ಮೇಲೇಳುವ ವ್ಯಾಯಾಮ. ಗರಡಿಮನೆಯ ಸಾಮಿನಲ್ಲಿ ದಂಡ ಮತ್ತು ಬಸ್ಕಿ ಜೊತೆಜೊತೆಯಾಗಿ ಬರುತ್ತವೆ. ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವ ರೂಢಿಯೂ ಇದೆ. ಹೆಗಲ ಮೇಲೆ ಭಾರ ಹೊತ್ತು ಮಾಡುವ ಬಸ್ಕಿಗೆ ಸ್ಕ್ವಾಟ್ ಎಂದು ಹೆಸರು. ಪವರ್‌ಲಿಫ್ಟಿಂಗ್ ಕ್ರೀಡೆಯ ಮೂರು ವಿಭಾಗಗಳಲ್ಲಿ ಇದು ಒಂದು.

ಬಳಕೆ

ಮೈಸೂರು ದಸರಾ ಕುಸ್ತಿಗೆ ಸಿದ್ಧರಾಗುವ ಪೈಲ್ವಾನರಿಗೆ ಬಸ್ಕಿ ನಿತ್ಯದ ಸಾಧನೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದ ವೇಟ್‌ಲಿಫ್ಟಿಂಗ್‌ನಲ್ಲಿಯೂ ಆಳವಾದ ಬಸ್ಕಿಯ ಭಂಗಿಯೇ ಆಧಾರ. ಕ್ರೀಡೆಯ ಹೊರಗೂ ಈ ಚಲನೆ ತಪ್ಪಿದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ತಂಬಾಕಿನ ಹೊಲಗಳಲ್ಲಿಯೂ ಕೆ.ಆರ್. ನಗರದ ಭತ್ತದ ಗದ್ದೆಗಳಲ್ಲಿಯೂ ದುಡಿಯುವವರು ದಿನವಿಡೀ ಕೂತು, ಬಾಗಿ, ಹೊರೆ ಎತ್ತಬೇಕಾಗುತ್ತದೆ. ಮಂಡಿ ನೋಯುತ್ತದೆಂದು ಇವರು ಕೂರುವುದನ್ನೇ ಬಿಡಲಾಗದು. ಆದ್ದರಿಂದ ಕೂರುವ ಕ್ರಮವನ್ನು ತಿದ್ದಿಕೊಳ್ಳುವುದು ಮುಖ್ಯವಾಗುತ್ತದೆ.

ಮಂಡಿನೋವು

ಮಂಡಿ ಮಡಿಸಿದಷ್ಟೂ ಮಂಡಿಚಿಪ್ಪು ತೊಡೆಮೂಳೆಗೆ ಹೆಚ್ಚು ಒತ್ತುತ್ತದೆ. ಮೆಟ್ಟಿಲು ಹತ್ತಿಳಿಯುವಾಗ, ಕುಕ್ಕರಗಾಲಿನಲ್ಲಿ ಕೂತಾಗ ಮಂಡಿಯ ಮುಂಭಾಗ ನೋಯುವುದಕ್ಕೆ ಇದು ಸಾಮಾನ್ಯ ಕಾರಣ. ವಯಸ್ಸಾದವರಲ್ಲಿ ಮೃದ್ವಸ್ಥಿಯ ಸವೆತವೂ ಸೇರಿಕೊಳ್ಳುತ್ತದೆ. ಬಸ್ಕಿಯ ಎಣಿಕೆಯನ್ನಾಗಲಿ ಭಾರವನ್ನಾಗಲಿ ಒಮ್ಮೆಲೇ ಏರಿಸಿದರೆ ನೋವು ಹೆಚ್ಚುತ್ತದೆ. ಹಾಗೆಂದು ಪೂರ್ಣ ವಿಶ್ರಾಂತಿ ಪರಿಹಾರವಲ್ಲ. ತೊಡೆಯ ಸ್ನಾಯುಗಳು ಬಲಗುಂದಿದರೆ ಮಂಡಿಗೆ ಆಸರೆ ತಪ್ಪುತ್ತದೆ. ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವು ಇಂತಹ ನೋವಿನ ಮುಖ್ಯ ಚಿಕಿತ್ಸೆಗಳಲ್ಲೊಂದು.

ತಿದ್ದಿದ ಕ್ರಮ

ಪಾದಗಳನ್ನು ಭುಜದಗಲಕ್ಕೆ ಇರಿಸಿ, ಬೆರಳುಗಳನ್ನು ತುಸು ಹೊರಕ್ಕೆ ತಿರುಗಿಸಬೇಕು. ಕುರ್ಚಿಯಲ್ಲಿ ಕೂರುವಂತೆ ಸೊಂಟವನ್ನು ಹಿಂದಕ್ಕೆ ಸರಿಸುತ್ತ ನಿಧಾನವಾಗಿ ಇಳಿಯಬೇಕು. ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳುಗಳ ದಿಕ್ಕಿನಲ್ಲೇ ಸಾಗಬೇಕು. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಮೇಲೇಳುತ್ತದೆ. ಆಗ ಮಂಡಿ ಬಹಳ ಮುಂದಕ್ಕೆ ಹೋಗುವುದರಿಂದ, ನೋವಿರುವವರು ಹಿಮ್ಮಡಿಯನ್ನು ನೆಲಕ್ಕೆ ಊರಿಯೇ ಮಾಡುವುದು ಲೇಸು. ಮಂಡಿಯು ಬೆರಳುಗಳ ಗೆರೆಯನ್ನು ದಾಟಲೇಬಾರದೆಂಬ ನಿಯಮವೇನೂ ಇಲ್ಲ. ಅದನ್ನು ಬಲವಂತವಾಗಿ ತಡೆದರೆ ಹೊರೆ ಸೊಂಟಕ್ಕೂ ಬೆನ್ನಿಗೂ ವರ್ಗವಾಗುತ್ತದೆ. ಆರಂಭದಲ್ಲಿ ಜಗಲಿ ಅಥವಾ ಕುರ್ಚಿಯವರೆಗೆ ಮಾತ್ರ ಇಳಿದು, ನೋವು ತಗ್ಗಿದಂತೆ ಆಳವನ್ನು ಹೆಚ್ಚಿಸಬಹುದು. ಮರುದಿನವೂ ನೋವು ಉಳಿದರೆ ಆಳವನ್ನೋ ಎಣಿಕೆಯನ್ನೋ ಇಳಿಸಬೇಕು.

ಭಾರ ಎತ್ತುವುದು

ಹಳ್ಳಿಯ ಗುಂಡು ಎತ್ತುವ ಪಂದ್ಯದಲ್ಲಿ ಕಲ್ಲನ್ನು ಮೊದಲು ತೊಡೆಗೆ, ಬಳಿಕ ಎದೆಗೆ, ಕೊನೆಗೆ ಹೆಗಲಿಗೆ ತರುತ್ತಾರೆ. ಕಲ್ಲು ಮೈಯಿಂದ ದೂರ ಸರಿಯುವುದಿಲ್ಲ. ಮೂಟೆ ಎತ್ತುವಾಗಲೂ ಇದೇ ತತ್ತ್ವ ಅನ್ವಯಿಸುತ್ತದೆ. ಹೊರೆಯನ್ನು ಎರಡು ಪಾದಗಳ ನಡುವೆ ತಂದುಕೊಂಡು, ಬೆನ್ನನ್ನು ಗೂನಾಗಿಸದೆ, ಕಾಲುಗಳ ಬಲದಿಂದ ಏಳಬೇಕು. ಎತ್ತಿದ ಮೇಲೆ ನಡುವನ್ನು ತಿರುಚದೆ ಹೆಜ್ಜೆಯನ್ನೇ ತಿರುಗಿಸಬೇಕು. ಕಾಲುಗಳ ನಡುವೆ ಹಿಡಿಸದ ದೊಡ್ಡ ಹೊರೆಯನ್ನು ಇಬ್ಬರು ಸೇರಿ ಎತ್ತುವುದು ಸುರಕ್ಷಿತ.

ಎಚ್ಚರಿಕೆ

ಮಂಡಿ ಊದಿಕೊಂಡರೆ, ಮಡಿಸಿದಾಗ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ ಅಥವಾ ಮೈಭಾರ ಊರಲಾಗದಿದ್ದರೆ ಬಸ್ಕಿಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಜ್ವರದೊಡನೆ ಮಂಡಿ ಕೆಂಪಾಗಿ ಬಿಸಿಯೇರಿದರೆ ತಡಮಾಡುವಂತಿಲ್ಲ.